ರಸ್ತೆ ದಾಟಿ ಹೋದ ನನ್ನ ಸಲೂನಿನ ಬೆಂಚು

ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ ನನ್ನದೊಂದು ಕಟಿಂಗ್ ಶಾಪ್ ಇದೆ. ಅಪ್ಪನ ಕಾಲದ್ದು. ಅಪ್ಪ ಅದನ್ನು ತಲೆ ಓಡಿಸದೆ ಬರೀ ಕೈಯಿಂದ ನಡೆಸಿದರು. ಚೆನ್ನಾಗಿಯೇ ನಡೆಯಿತು. ನಾನು ತಲೆ ಓಡಿಸಿದೆ. ಅಲ್ಲಿಂದ ಶುರುವಾಯಿತು ನೋಡಿ!

ಮೊದಲೇ ಹೇಳಿಬಿಡುತ್ತೇನೆ, ತಪ್ಪು ನನ್ನದಲ್ಲ, ಮೊಬೈಲಿನದು. ಒಂದು ಮಧ್ಯಾಹ್ನ ಉಂಡು ಕುರ್ಚಿಗೆ ಒರಗಿದ್ದಾಗ, ಕೋಟು ತೊಟ್ಟ ಮಹನೀಯನೊಬ್ಬ ವಿಡಿಯೊದಲ್ಲಿ ಪ್ರತ್ಯಕ್ಷನಾಗಿ, ಸಲೂನ್ ಮಾಲೀಕರು ಮಾಡುವ ತಪ್ಪುಗಳನ್ನು ಹೇಳತೊಡಗಿದ. ಅವುಗಳಲ್ಲಿ ಒಂದನ್ನೂ ಬಿಡದೆ ನಾನು ಮಾಡುತ್ತಿದ್ದೆ! "ನಿಮ್ಮ ಅಂಗಡಿ ಕೆಲಸವಿಲ್ಲದವರು ಕೂರುವ ಜಾಗವಾಗಬಾರದು. ಗಿರಾಕಿ ಮೊದಲೇ ಸಮಯ ಕೇಳಿಕೊಂಡು ಬರಬೇಕು" ಎಂದು ಆತ ಬೆರಳು ತೋರಿಸಿದ. ನೇರವಾಗಿ ನನಗೇ ತೋರಿಸಿದಂತಾಯಿತು.

ತಲೆಯೆತ್ತಿ ನೋಡಿದೆ. ಗೋಡೆ ಪಕ್ಕದ ಉದ್ದನೆಯ ತೇಗದ ಬೆಂಚಿನ ಮೇಲೆ ಐದಾರು ಮಂದಿ ಕೂತು ಹರಟುತ್ತಿದ್ದರು. ಕಟಿಂಗ್‌ಗೆ ಬಂದವರು ಒಬ್ಬರೂ ಇಲ್ಲ. ಮೂಲೆಯಲ್ಲಿ ಬಸವರಾಜಪ್ಪ ಮೇಷ್ಟ್ರು ಪೇಪರ್ ಹಿಡಿದಿದ್ದರು. ರಿಟೈರ್ ಆದ ಮೇಲೆ ಬೆಳಿಗ್ಗೆ ತಿಂಡಿ ಮುಗಿಸಿ ನೇರ ಇಲ್ಲಿಗೇ ಬರುತ್ತಾರೆ. ಅವರ ತಲೆಯ ಮೇಲೆ ನನ್ನ ಕತ್ತರಿಗೆ ಸಿಗುವಂಥದ್ದು ಏನೂ ಉಳಿಯದೆ ವರ್ಷಗಳಾಗಿವೆ. ಅಂದೇ ತೀರ್ಮಾನಿಸಿದೆ, ಬೆಂಚು ಹೋಗಬೇಕು.

ಅಂಗಡಿಯ ಹಿಂದೆಯೇ ನಮ್ಮ ಮನೆ. ಹೆಂಡತಿ ಶಾರದಾ ಒಳಗಿನಿಂದ ಬಂದು ಸೊಂಟಕ್ಕೆ ಕೈಯಿಟ್ಟು ನಿಂತಳು.

"ತೆಲಿ ಗಿಲಿ ಕೆಟ್ಟೈತೇನ್ರಿ ನಿಮಗ? ಮಂದಿ ಕುಂತಿದ್ರ ಅಂಗಡಿಗೆ ಕಳೆ ಇರ್ತೈತಿ."

"ನಿನಗ ಬಿಸಿನೆಸ್ ತಿಳಿಯಂಗಿಲ್ಲ, ಸುಮ್ನಿರು."

"ನಿಮಗ?"

ನಾನು ಬೆಂಚನ್ನು ಗೋಡೆಯಿಂದ ಈಚೆಗೆ ಎಳೆದೆ.

ಎದುರಿನ ಚಹಾ ಅಂಗಡಿಯ ಖಾಜಾ ಭಾಯ್‌ಗೆ ಬೆಂಚನ್ನು ದಾನ ಮಾಡಿದೆ. ಅವನು ಅದನ್ನು ತಟ್ಟಿ, ಕುಟ್ಟಿ, ಬಗ್ಗಿ ನೋಡಿದ. "ಫುಕಟ್ ಕೊಡ್ತೀರೇನು? ಹುಳ ಹಿಡಿದೈತಾ ಮಂಜಣ್ಣ?"

"ಹುಳ ಹಿಡಿದಿಲ್ಲ ಭಾಯ್. ನಾನು ಮಾಡ್ರನ್ ಆಗಾಕತ್ತೀನಿ."

"ಅಲ್ಲಾ ಒಳ್ಳೇದ್ ಮಾಡ್ಲಿ" ಎಂದು ಅವನು ಮರುಕದಿಂದ ನನ್ನ ಮುಖ ನೋಡಿದ.

ಮುಂದಿನ ಕ್ರಮಗಳು ಶೀಘ್ರವಾಗಿ ಜಾರಿಗೆ ಬಂದವು. ಅಂಗಡಿಯ ಮುಂಭಾಗಕ್ಕೆ ಗಾಜು, ಗಾಜಿನದೇ ಬಾಗಿಲು, ಒಳಗೆ ಎಸಿ. ಹೊರಗೆ 'ಯುನಿಸೆಕ್ಸ್ ಸಲೂನ್' ಎಂಬ ಬೋರ್ಡು, ಅದರ ಕೆಳಗೆ 'ಮೊದಲೇ ಸಮಯ ಪಡೆದು ಬನ್ನಿ' ಎಂಬ ಸಾಲು. ಶಾರದಾ ಬೋರ್ಡನ್ನು ಓದಿ, "ಗಂಡಸರು ಇರ್ತಾರಂತ ಹೆಂಗಸರು ಬರಂಗಿಲ್ಲ, ಹೆಂಗಸರು ಬರ್ತಾರಂತ ಗಂಡಸರು ಬರಂಗಿಲ್ಲ. ಭಾಳ ಚಲೋ ಆತು" ಎಂದಳು.

ಮಂಗಳವಾರ ರಜೆ ಹಾಕುವುದೂ ತಪ್ಪೆಂದು ಕೋಟಿನವನು ಹೇಳಿದ್ದ. ನಮ್ಮ ಕಡೆ ಮನೆಯಲ್ಲಿ ಸಾವಾದರೆ ಹೊರತು ಮಂಗಳವಾರ ಯಾರೂ ಕೂದಲು ತೆಗೆಸುವುದಿಲ್ಲ ಎಂಬುದು ಅವನಿಗೆ ಗೊತ್ತಿರಲಿಕ್ಕಿಲ್ಲ. ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ತೆರೆದೆ! ಇಡೀ ದಿನಕ್ಕೆ ಬಂದವರು ಒಬ್ಬರೇ, ಪಕ್ಕದ ಓಣಿಯ ಹಿರಿಯರು. ಬಾಗಿಲಲ್ಲೇ ನಿಂತು ಧ್ವನಿ ತಗ್ಗಿಸಿ, "ಯಾರ್ ತೀರ್ಕೊಂಡ್ರಪ್ಪಾ?" ಎಂದು ಕೇಳಿದರು.

ಮರುದಿನ ಮೇಷ್ಟ್ರು ಎಂದಿನಂತೆ ಒಳಗೆ ಕಾಲಿಟ್ಟರು.

"ಟೈಮ್ ತಗೊಂಡೀರೇನ್ರಿ ಮೇಷ್ಟ್ರ?" ಎಂದೆ.

ಅವರು ಖಾಲಿ ಅಂಗಡಿಯನ್ನು ಒಂದು ಸುತ್ತು ನೋಡಿದರು. "ಈಗ ಯಾರ ಟೈಮ್ ನಡದೈತಿ?"

"ಯಾರದೂ ಇಲ್ರಿ."

"ಮತ್ತ?"

"ಪದ್ಧತಿ ಅಂದ್ರ ಪದ್ಧತೀರಿ."

"ಆತು ಬಿಡಪಾ" ಎಂದ ಮೇಷ್ಟ್ರು ರಸ್ತೆ ದಾಟಿ ಖಾಜಾನ ಅಂಗಡಿಯಲ್ಲಿ ಅದೇ ಬೆಂಚಿನ ಅದೇ ಮೂಲೆಯಲ್ಲಿ ಕೂತರು. ಉಳಿದವರೂ ಒಬ್ಬೊಬ್ಬರಾಗಿ ಬಂದು, ನನ್ನ ಬೋರ್ಡು ಓದಿ, ಅತ್ತಲೇ ಹೋದರು.

ಆಗ ಒಂದು ಸತ್ಯ ತಿಳಿಯಿತು. ಚಿತ್ತವಾಡ್ಗಿಯಲ್ಲಿ ಯಾರೂ ಶೇವಿಂಗ್‌ಗೆಂದು ಮನೆಯಿಂದ ಹೊರಡುವುದಿಲ್ಲ. ಕೂರಲು ಹೊರಡುತ್ತಾರೆ. ಮಾತಾಡುತ್ತ ಮಾತಾಡುತ್ತ ಕೈ ಗಲ್ಲಕ್ಕೆ ಹೋಗುತ್ತದೆ. "ಹಂಗ ಇದನ್ನೊಂದಿಷ್ಟು ತೆಗೆದುಬಿಡಪಾ ಮಂಜಾ" ಎನ್ನುತ್ತಾರೆ. ಅದೇ ನನ್ನ ವ್ಯಾಪಾರ! ಈಗ ಅವರ ಕೈ ಗಲ್ಲಕ್ಕೆ ಹೋದಾಗ ಎದುರಿಗೆ ಇದ್ದದ್ದು ಚಹಾ. ಕುಡಿದು ಸುಮ್ಮನಾಗುತ್ತಿದ್ದರು. ರಸ್ತೆಯಾಚೆ ದಿನದಿನಕ್ಕೆ ಗಡ್ಡಗಳು ಬೆಳೆದವು. ನನ್ನ ಗಡ್ಡಗಳು!

ಅದಕ್ಕಿಂತ ದೊಡ್ಡ ಕಷ್ಟ ಇನ್ನೊಂದಿತ್ತು. ಗಾಜಿನಿಂದ ಎಲ್ಲ ಕಾಣಿಸುತ್ತಿತ್ತು, ಏನೂ ಕೇಳಿಸುತ್ತಿರಲಿಲ್ಲ. ಮೇಷ್ಟ್ರು ಕೈ ಬೀಸಿ ಏನೋ ಹೇಳುವರು, ಬೆಂಚು ಪೂರ್ತಿ ಬಿದ್ದು ಬಿದ್ದು ನಗುವುದು. ಯಾರ ಸಂಬಂಧ ಕುದುರಿತು, ಕಾಲುವೆಗೆ ನೀರು ಯಾವಾಗ ಬಿಡುತ್ತಾರೆ, ಒಂದು ಸುದ್ದಿಯೂ ನನ್ನ ತನಕ ಬರಲಿಲ್ಲ. ನಿಜ ಹೇಳುತ್ತೇನೆ, ಹೊಟ್ಟೆ ಉರಿಯಿತು. ಒಂದು ದಿನ ಎಸಿಯ ತಂಪಿನಲ್ಲಿ ಒಬ್ಬನೇ ಕೂತಿದ್ದಾಗ ಕಣ್ಣಲ್ಲಿ ನೀರೂ ಬಂತು.

ಇಷ್ಟರಲ್ಲಿ ಶಾರದಾಳ ತಮ್ಮ ವಿರುಪಾಕ್ಷಿಯ ಮದುವೆ ಕಂಪ್ಲಿಯಲ್ಲಿ ಗೊತ್ತಾಗಿತ್ತು. ಅವನು ಚಿಕ್ಕಂದಿನಿಂದ ನನ್ನ ಕೈಗಲ್ಲದೆ ಬೇರೆಯವರಿಗೆ ತಲೆ ಕೊಟ್ಟವನಲ್ಲ. ಮದುವೆಯ ಹಿಂದಿನ ದಿನ ಬೆಳಿಗ್ಗೆ ಬಂದು, ಕಟಿಂಗ್ ಮಾಡಿಸಿಕೊಂಡು, ಸಂಜೆಯ ಅರಿಶಿಣ ಶಾಸ್ತ್ರಕ್ಕೆ ವಾಪಸ್ ಹೋಗುವುದೆಂದು ಮಾತಾಯಿತು.

"ಅಂಗಡಿ ಅಂತೂ ಹೋತು. ನನ್ನ ತಮ್ಮನ ತೆಲಿ ಒಂದರ ನೆಟ್ಟಗ ಮಾಡ್ರಿ" ಎಂದಳು ಶಾರದಾ.

ನಾನು ಮೈದುನನಿಗೂ ಪದ್ಧತಿ ಪ್ರಕಾರ ಹತ್ತು ಗಂಟೆಯ ಸಮಯ ಕೊಟ್ಟೆ. ಅಷ್ಟು ದಿನಗಳಲ್ಲಿ ಅದೊಂದೇ ಅಪಾಯಿಂಟ್‌ಮೆಂಟು! ಆದರೆ ಕಂಪ್ಲಿಯ ಬಸ್ಸಿಗೆ ನನ್ನ ಪದ್ಧತಿ ಗೊತ್ತಿರಲಿಲ್ಲ. ಹತ್ತಾಯಿತು, ಹತ್ತೂವರೆಯಾಯಿತು. ತಡವಾದ ಗಿರಾಕಿಗೆ ತಾನಾಗಿಯೇ ಸಂದೇಶ ಹೋಗುವಂತೆ ಫೋನಿನಲ್ಲಿ ಏರ್ಪಾಟು ಮಾಡಿದ್ದೆ. ಮರೆತೇಬಿಟ್ಟಿದ್ದೆ. ಫೋನು ಮರೆಯಲಿಲ್ಲ. 'ಮಾನ್ಯರೇ, ತಾವು ನಿಗದಿತ ಸಮಯಕ್ಕೆ ಹಾಜರಾಗದ ಕಾರಣ ತಮ್ಮ ಸರದಿಯನ್ನು ರದ್ದುಪಡಿಸಲಾಗಿದೆ. ಮೂರು ದಿನಗಳ ನಂತರ ಸಂಪರ್ಕಿಸುವುದು' ಎಂಬ ನನ್ನದೇ ಗಂಭೀರ ವಾಕ್ಯ ಬಸ್ಸಿನಲ್ಲಿದ್ದ ಮದುಮಗನಿಗೆ ತಲುಪಿತು. ಅವನಿಂದ ಅವನ ಅಕ್ಕನಿಗೆ ತಲುಪಿತು. ಹಿಂಬಾಗಿಲು ಧಡಾರನೆ ತೆರೆಯಿತು.

"ಮದುಮಗನ್ನ ಕ್ಯಾನ್ಸಲ್ ಮಾಡೀರಂತ?"

"ನಾನಲ್ಲ, ಫೋನು."

"ಹಂಗಾರ ರಾತ್ರಿ ಊಟಕ್ಕೂ ಫೋನಿಗೇ ಹೇಳ್ರಿ!"

ಅಷ್ಟರಲ್ಲಿ ಎದುರಿಗೆ ಆಟೋ ನಿಂತಿತು. ವಿರುಪಾಕ್ಷಿ ಇಳಿದ. ನನ್ನ ಅಂಗಡಿ ನೋಡಿದ, ಕೈಯಲ್ಲಿದ್ದ ಫೋನು ನೋಡಿದ, ತಿರುಗಿ ಖಾಜಾನ ಕಡೆ ನಡೆದ! ಮೇಷ್ಟ್ರು ಸರಿದು ಜಾಗ ಕೊಟ್ಟರು. ಚಹಾ ಬಂತು. "ವಿರುಪಾಕ್ಷೀ!" ಎಂದು ಕೂಗಿದೆ. ಕೂಗು ಗಾಜಿಗೆ ಬಡಿದು ನನಗೇ ವಾಪಸ್ ಬಂತು. ಎದ್ದು ಓಡಿದೆ. ಬಾಗಿಲನ್ನು ಬೆಳಿಗ್ಗೆ ನಾನೇ ಫಳಫಳ ಹೊಳೆಯುವಂತೆ ಒರೆಸಿದ್ದೆ. ಎಷ್ಟು ಚೆನ್ನಾಗಿ ಒರೆಸಿದ್ದೆನೆಂದರೆ, ಅಲ್ಲೊಂದು ಬಾಗಿಲಿದೆ ಎಂಬುದೇ ಕಾಣಲಿಲ್ಲ.

ಕಣ್ಣು ಬಿಟ್ಟಾಗ ಇಡೀ ಬೆಂಚು ನನ್ನ ಸುತ್ತ ನಿಂತಿತ್ತು. ಅಂಗಡಿ ತುಂಬಿತ್ತು! ಹಣೆಯ ಮೇಲೆ ನಿಂಬೆಗಾತ್ರದ ಬುಗುಟು ಎದ್ದಿತ್ತು.

"ಮಾವ, ಈಗರ ಟೈಮ್ ಐತೇನ್ರಿ?" ಎಂದ ವಿರುಪಾಕ್ಷಿ.

"ಕುಂದ್ರೋ ಮಾರಾಯ, ಕುರ್ಚಿ ಮ್ಯಾಲೆ ಕುಂದ್ರು."

"ಬ್ಯಾಡ ಮಾವ, ಮೇಷ್ಟ್ರು ಕಥಿ ಅರ್ಧಕ್ಕ ಬಿಟ್ಟಾರ. ಅಲ್ಲೇ ಮಾಡ್ರಿ."

ಹೀಗಾಗಿ ಹಣೆಗೆ ಒದ್ದೆ ಬಟ್ಟೆ ಕಟ್ಟಿಕೊಂಡು, ಖಾಜಾನ ಚಹಾ ಅಂಗಡಿಯ ಶೀಟಿನ ಕೆಳಗೆ ನಿಂತು, ನನ್ನಪ್ಪನ ಬೆಂಚಿನ ಮೇಲೆ ಮದುಮಗನ ಕಟಿಂಗ್ ಮಾಡಿದೆ. ಕಥೆಯನ್ನೂ ಕೇಳಿದೆ. ಬಹಳ ದಿನಗಳ ಮೇಲೆ ಹೊಟ್ಟೆ ತುಂಬ ನಕ್ಕೆ. ಅವನು ಎದ್ದದ್ದೇ ತಡ, ಪಕ್ಕದವರ ಕೈ ಗಲ್ಲಕ್ಕೆ ಹೋಯಿತು. "ಹಂಗ ನನಗೂ ಒಂದಿಷ್ಟು..." ಮಧ್ಯಾಹ್ನದ ತನಕ ಗಡ್ಡ ತೆಗೆದದ್ದೇ ತೆಗೆದದ್ದು. ವಿರುಪಾಕ್ಷಿ ಅರಿಶಿಣಕ್ಕೆ ಸರಿಯಾಗಿ ಕಂಪ್ಲಿ ಸೇರಿದ. ಮದುವೆ ಫೋಟೊಗಳಲ್ಲಿ ಅವನ ಕ್ರಾಪು ಮಸ್ತಾಗಿ ಬಂದಿದೆ. ಪಕ್ಕದಲ್ಲಿ ನನ್ನ ಬುಗುಟೂ ಅಷ್ಟೇ ಸ್ಪಷ್ಟವಾಗಿ ಬಂದಿದೆ.

ಮದುವೆ ಮುಗಿಸಿ ಬಂದು, ಬೆಂಚು ವಾಪಸ್ ಕೊಡೆಂದು ಖಾಜಾನನ್ನು ಕೇಳಿದೆ. "ತಗೊಂಡ್ ಹೋಗ್ರಿ. ಆದ್ರ ಕುಂತವರನ್ನೂ ನೀವೇ ಎಬ್ಬಿಸ್ರಿ" ಎಂದ. ಎಬ್ಬಿಸಬೇಕಾಗಲಿಲ್ಲ. ಎಲ್ಲರೂ ಸೇರಿ ಬೆಂಚನ್ನು ಎತ್ತಿ ರಸ್ತೆ ದಾಟಿಸಿದರು. ಬಾಗಿಲ ಹತ್ತಿರ ನಿಂತರು. ಉದ್ದಕ್ಕೆ ಹಿಡಿದರು, ಓರೆ ಮಾಡಿದರು, ಕಾಲು ಮೇಲೆ ಮಾಡಿದರು. ನನ್ನ ಮಾಡ್ರನ್ ಬಾಗಿಲಲ್ಲಿ ಅಪ್ಪನ ಬೆಂಚು ಹಿಡಿಯಲೇ ಇಲ್ಲ!

ಈಗ ಬೆಂಚು ಹೊರಗೆ ಕಟ್ಟೆಯ ಮೇಲಿದೆ. ಮಾತು ಒಳಗೆ ಕೇಳಿಸಬೇಕಲ್ಲ, ಅದಕ್ಕೆ ಬಾಗಿಲನ್ನು ಇಡೀ ದಿನ ತೆರೆದೇ ಇಡುತ್ತೇನೆ. ಎಸಿಯ ಗಾಳಿಯೆಲ್ಲ ಬೀದಿಗೆ ಹೋಗುತ್ತದೆ. ದಾರಿಯಲ್ಲಿ ಹೋಗುವ ಎಮ್ಮೆಗಳೂ ಒಂದು ಗಳಿಗೆ ನಿಂತು ಮುಂದೆ ಹೋಗುತ್ತವೆ. "ಊರಿಗೆಲ್ಲ ತಂಪು ಮಾಡಿದ ಪುಣ್ಯಾತ್ಮರು" ಎಂದು ಶಾರದಾ ಬಂದವರಿಗೆಲ್ಲ ನನ್ನನ್ನು ತೋರಿಸುತ್ತಾಳೆ. ಮಂಗಳವಾರ ರಜೆ.

ನಿನ್ನೆ ಮೇಷ್ಟ್ರು ಹೊರಡುವಾಗ ತಮ್ಮ ನುಣ್ಣನೆಯ ತಲೆಯನ್ನು ಒಮ್ಮೆ ಸವರಿಕೊಂಡು, "ಮಂಜಾ, ನಾಳೆ ಬೆಳಿಗ್ಗೆ ಒಂಬತ್ತಕ್ಕ ನನಗೊಂದು ಅಪಾಯಿಂಟ್‌ಮೆಂಟ್ ಹಾಕಪಾ" ಎಂದರು.

"ಎದಕ್ಕ್ರಿ ಮೇಷ್ಟ್ರ?"

"ಮೂಲ್ಯಾಗಿನ ಜಾಗಕ್ಕ. ಇತ್ತೀಚಿಗೆ ಭಾಳ ರಷ್ ಆಗಾಕತ್ತೈತಿ."

ಹಾಕಿಕೊಂಡೆ. ಸದ್ಯಕ್ಕೆ ಅದೊಂದೇ ಇದೆ.