ಮೆಕ್ಯಾನಿಕ್ ಮುಟ್ಟದ ಕಾರು

"ಹದಿನಾಲ್ಕು ವರ್ಷ! ಒಂದು ದಿನ ಮೆಕ್ಯಾನಿಕ್ಕಿನ ಬಾಗಿಲು ತುಳಿದಿಲ್ಲ ನನ್ನ ಕಾರು. ಇಂಥ ರತ್ನಕ್ಕೆ ರಿಪೇರಿಯಾ? ಬೇಕಾದ್ರೆ ಮಾರಿಬಿಡ್ತೀನಿ, ಕಂಡವರ ಕೈಗೆ ಸ್ಪ್ಯಾನರ್ ಮಾತ್ರ ಕೊಡಲ್ಲ!"

ಹೀಗೆ ಘೋಷಿಸಿದವರು ಗಡಿಯಾರದ ಅಂಗಡಿಯ ಯಜಮಾನರು. ಊರಿನವರ ಗಡಿಯಾರಗಳನ್ನೆಲ್ಲ ಬಿಚ್ಚಿ ಜೋಡಿಸುವ ಮಹಾನುಭಾವರು, ತಮ್ಮ ಕಾರನ್ನು ಬಿಚ್ಚಲು ಯಾರಿಗೂ ಬಿಟ್ಟವರಲ್ಲ. ಏನು ಕೆಟ್ಟರೂ ಅದಕ್ಕೊಂದು ಉಪಾಯ ಹೂಡಿ ಮುಂದೆ ಸಾಗುತ್ತಿದ್ದರು.

ಈ ಘೋಷಣೆಗೆ ಕಾರಣ ಹೆಂಡತಿ. ಹಿಂದಿನ ವಾರ ಪೇಟೆಯಿಂದ ಬಂದವಳೇ ಚೀಲ ಇಳಿಸಿ, "ರಿಪೇರಿ ಮಾಡಿಸ್ತೀರೋ, ಮಾರ್ತೀರೋ, ನಿಮಗೆ ಬಿಟ್ಟಿದ್ದು. ಹೀಗೇ ಇದ್ರೆ ನಾನಿನ್ನು ಅದರಲ್ಲಿ ಕೂರಲ್ಲ" ಎಂದಿದ್ದಳು. ಅಂದಿನಿಂದ ಬಸ್ಸಿನಲ್ಲೇ ಅವಳ ಓಡಾಟ. ಪಕ್ಕದಲ್ಲಿ ಅವಳಿಲ್ಲದೆ ಕಾರು ಹೊರಡಿಸಲು ಯಜಮಾನರಿಗೆ ಮನಸ್ಸೇ ಬಾರದು. ಹಾಗೆಂದು ಬಾಯಿಬಿಟ್ಟು ಹೇಳಿದರೆ ಮರ್ಯಾದೆಯ ಗತಿಯೇನು?

ಭಾನುವಾರ ಕಾರು ಕೊಳ್ಳಲು ಅಂಚೆ ಕಚೇರಿಯ ಗುಮಾಸ್ತ ಬಂದ. ಗರಿಗರಿ ಇಸ್ತ್ರಿಯ ಅಂಗಿ. ಯಜಮಾನರು ಅವನನ್ನು ಪಕ್ಕದ ಸೀಟಿನಲ್ಲಿ ಪ್ರತಿಷ್ಠಾಪಿಸಿ, ಈ ರಥದಲ್ಲಿ ಬೆಟ್ಟ, ಸಮುದ್ರ ಎಲ್ಲ ನೋಡಿಬಂದ ಕಥೆ ಹೇಳುತ್ತ ಹೊರಟರು. ಮೊದಲ ತಿರುವಿನಲ್ಲೇ ಅಭ್ಯಾಸಬಲ ಬಾಯಿಗೆ ಬಂತು.

"ಗೇರ್ ಹಿಡ್ಕೊ! ಬಿಟ್ರೆ ಜಾರುತ್ತೆ!"

ಗುಮಾಸ್ತ ಗಾಬರಿಯಿಂದ ಎರಡೂ ಕೈಯಲ್ಲಿ ಹಿಡಿದ.

"ಎರಡು ಕೈ ಯಾಕೆ? ಇನ್ನೊಂದು ಕೈ ಬಾಗಿಲಿಗೆ! ತಿರುವಲ್ಲಿ ಅದು ತೆರ್ಕೊಳ್ಳುತ್ತೆ!"

ಏರಿನಲ್ಲಿ ಎಂಜಿನ್ ನಿಂತೇಹೋಯಿತು.

"ಇಳಿ, ಇಳಿ! ಸೀಟಿನ ಕೆಳಗೆ ಕಲ್ಲಿದೆ, ಚಕ್ರಕ್ಕೆ ಕೊಡು. ಅಯ್ಯೋ, ಹಿಂದಿನ ಚಕ್ರಕ್ಕೆ ಕಣೇ!"

"ಸಾರ್, ನಾನು ಕಾರು ಕೊಳ್ಳೋಕೆ ಬಂದವನು," ಎಂದು ಗುಮಾಸ್ತ ಕಲ್ಲು ಹಿಡಿದುಕೊಂಡೇ ವಿನಯದಿಂದ ನೆನಪಿಸಿದ.

ಮನೆ ಮುಟ್ಟುವಷ್ಟರಲ್ಲಿ ಅಂಗಿಯ ಇಸ್ತ್ರಿ ಹೇಳಹೆಸರಿಲ್ಲದಂತೆ ಹೋಗಿತ್ತು. ಹೆಂಡತಿ ಅವನಿಗೆ ನೀರು ಕೊಟ್ಟಳು. ಕೆಂಪಾದ ಅಂಗೈ ನೋಡಿ, ಕೇಳದೆಯೇ ಎಣ್ಣೆಯ ಬಟ್ಟಲನ್ನೂ ತಂದಿಟ್ಟಳು.

"ಇಷ್ಟು ವರ್ಷ ಇದನ್ನೆಲ್ಲ ಯಾರಮ್ಮ ಮಾಡ್ತಿದ್ದಿದ್ದು?" ಎಂದು ಗುಮಾಸ್ತ ಕೇಳಿದ.

"ನಾನೇ."

"ಬೆಟ್ಟ, ಸಮುದ್ರ ಎಲ್ಲ ನೋಡ್ಕೊಂಡು ಬಂದ್ವಿ ಅಂತ ಸಾರ್ ಹೇಳ್ತಿದ್ರು?"

"ಅವರು ನೋಡಿದಾರೆ. ನಾನು ಗೇರ್ ಬಿಟ್ಟು ತಲೆ ಎತ್ತಿದ್ರೆ ತಾನೇ ನೋಡೋದು?" ಅವಳು ನಗುತ್ತಲೇ ಹೇಳಿದಳು.

ಯಜಮಾನರಿಗೆ ನಗು ಬರಲಿಲ್ಲ. ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. ಕಾರು ಮಾರುವುದಿಲ್ಲ ಎಂದಷ್ಟೇ ಹೇಳಿದರು. ಗುಮಾಸ್ತ ಬದುಕಿದೆಯಾ ಬಡಜೀವವೇ ಎಂದು ನಡೆದೇ ಹೊರಟುಹೋದ.

ಸೋಮವಾರ ಬಾಗಿಲಿಗೆ ಹಗ್ಗ ಬಿಗಿದು, ಒಂದು ಕೈ ಗೇರಿನಿಂದ ತೆಗೆಯದೆ, ಯಜಮಾನರು ಒಬ್ಬರೇ ಮೆಕ್ಯಾನಿಕ್ಕಿನ ಶೆಡ್ಡಿಗೆ ಬಂದು ಮುಟ್ಟಿದರು. ಅವನು ಬಾನೆಟ್ ಎತ್ತಿ ನೋಡಿ, "ಏನೇನು ಸರಿಮಾಡ್ಬೇಕು, ಯಜಮಾನ್ರೇ?" ಎಂದ.

"ಅದೆಲ್ಲ ನಂಗೆ ಗೊತ್ತಿಲ್ಲಪ್ಪ. ಪಕ್ಕದ ಸೀಟಲ್ಲಿ ಕೂತವರಿಗೆ ಒಂದು ಕೆಲಸಾನೂ ಉಳಿಸ್ಬೇಡ, ಅಷ್ಟೇ."