ನಾನೇ ಹಂಚಿದ ಐದು ಸುಳ್ಳು

ತಪ್ಪು ನನ್ನದೇ, ಒಪ್ಕೋತೀನಿ. ಒಂದು ಪದ ಮರೆತೆ. ಒಂದೇ ಒಂದು ಪದ! ಅಷ್ಟಕ್ಕೆ ಮದರಾಸಿನ ಅಡ್ಯಾರಿನಲ್ಲಿ ಒಂದು ಸ್ಕೂಲ್ ಗೇಟ್ ಮುಂದೆ, ಹಾಡಹಗಲಲ್ಲಿ, ಮೂರು ಜನ ಆಟೋ ಡ್ರೈವರ್‌ಗಳು, ಒಬ್ಬ ಇಸ್ತ್ರಿಯವನು, ಒಬ್ಬ ಹೂವಿನಮ್ಮ ಸೇರಿ ನನ್ನನ್ನ ಮಕ್ಕಳ ಕಳ್ಳ ಅಂತ ಹಿಡ್ಕೊಂಡ್ರು. ಮಕ್ಕಳ ಕಳ್ಳರನ್ನ ಹೇಗೆ ಹಿಡೀಬೇಕು ಅಂತ ಅವರಿಗೆ ಹೇಳಿಕೊಟ್ಟಿದ್ದು ಯಾರು? ನಾನೇ!

ಮೊದಲಿಂದ ಹೇಳ್ತೀನಿ. ಇಮೇಲ್ ನೋಡೋಕೆ ಬ್ರೌಸಿಂಗ್ ಸೆಂಟರ್‌ಗೆ ಹೋಗಿ ಕ್ಯೂ ನಿಲ್ಲುತ್ತಿದ್ದ ಕಾಲ ಅದು. ನನಗೆ ಇಪ್ಪತ್ತನಾಲ್ಕು ವರ್ಷ. ಗಿಂಡಿಯಲ್ಲಿ ಇನ್ಶೂರೆನ್ಸ್ ಆಫೀಸಿನಲ್ಲಿ ಗುಮಾಸ್ತ. ಮದುವೆ ಆಗಿರಲಿಲ್ಲ, ಒಂದು ಹಳೇ ಸ್ಕೂಟರ್ ಇತ್ತು, ಯಾರು ಏನು ಕೇಳಿದ್ರೂ ಇಲ್ಲ ಅನ್ನೋಕೆ ಬರ್ತಿರಲಿಲ್ಲ. ಫ್ಲ್ಯಾಟುಗಳಲ್ಲಿ ಈ ಮೂರು ಅರ್ಹತೆ ಇರೋನ ತಲೆ ಮೇಲೆ ಎಲ್ಲ ಕೆಲಸಾನೂ ಬಂದು ಕೂತ್ಕೊಳ್ಳತ್ತೆ.

ಆಗ ಪಕ್ಕದ ಬೀದೀಲಿ ಒಂದು ಘಟನೆ ಆಯ್ತು. ಯಾರೋ ಒಬ್ಬ ಸ್ಕೂಲ್ ಬಿಡೋ ಹೊತ್ತಿಗೆ ಬಂದು, "ನಿಮ್ಮಮ್ಮ ಕಳಿಸಿದ್ರು" ಅಂತ ಒಂದು ಮಗೂನ ಕರ್ಕೊಂಡು ಹೊರಟಿದ್ದ. ಮಗು ಕಿರುಚಿ ತಪ್ಪಿಸಿಕೊಳ್ತು. ಅವನು ಸಿಗಲಿಲ್ಲ. ನಮ್ಮ ಕಟ್ಟಡದ ತಾಯಂದಿರಿಗೆಲ್ಲ ಜೀವ ಬಾಯಿಗೆ ಬಂತು. ಭಾನುವಾರ ಟೆರೇಸಿನ ಮೇಲೆ, ಒಣ ಹಾಕಿದ್ದ ವಡಾಮ್ ಸಂಡಿಗೆಗಳ ಮಧ್ಯೆ, ತುರ್ತು ಸಭೆ ಸೇರಿತು. ಸದರಿ ಸಭೆಯು ನನ್ನನ್ನು ಸರ್ವಾನುಮತದಿಂದ 'ಮಕ್ಕಳ ಸುರಕ್ಷತಾ ಸಂಚಾಲಕ'ನನ್ನಾಗಿ ಆರಿಸಿತು. ನಾನು ಕಾಫಿ ತರೋಕೆ ಕೆಳಗೆ ಹೋಗಿದ್ದೆ. ಬರೋಷ್ಟರಲ್ಲಿ ಆಯ್ಕೆ ಮುಗಿದಿತ್ತು!

ಸಂಚಾಲಕ ಅಂದ್ಮೇಲೆ ಸುಮ್ಮನೆ ಇರೋಕಾಗತ್ತಾ? ಇಮೇಲಿಗೆ ಪಾಸ್‌ವರ್ಡ್ ಇದೆಯಲ್ಲ, ಮಕ್ಕಳಿಗೂ ಯಾಕೆ ಇರಬಾರದು ಅಂತ ಹೊಳೀತು. ಪ್ರತಿ ಮನೆಗೂ ಒಂದು ಗುಟ್ಟಿನ ಪದ. ಅಪ್ಪ ಅಮ್ಮ ಬಿಟ್ಟು ಬೇರೆ ಯಾರೇ ಕರೆಯೋಕೆ ಬಂದ್ರೂ ಆ ಪದ ಹೇಳಬೇಕು. ಹೇಳದಿದ್ರೆ ಮಗು ಕದಲಬಾರದು. ಪದ ಎಲ್ಲೂ ಬರೆದಿಡಬಾರದು. ಈ ಕೊನೇ ನಿಯಮ ಹಾಕಿದ ಮಹಾಮೇಧಾವಿಯೂ ನಾನೇ.

ಅದರ ಜೊತೆಗೆ ಒಂದು ಕರಪತ್ರ. 'ಕೆಟ್ಟವರು ಹೇಳುವ ಐದು ಸುಳ್ಳುಗಳು.' ಒಂದು, ನಿಮ್ಮಮ್ಮ ಆಸ್ಪತ್ರೆಯಲ್ಲಿದ್ದಾರೆ. ಎರಡು, ನಾನು ನಿಮ್ಮ ಮನೆಯವರಿಗೆಲ್ಲ ಚೆನ್ನಾಗಿ ಗೊತ್ತು. ಮೂರು, ಚಾಕೊಲೇಟ್ ಕೊಡಿಸ್ತೀನಿ. ನಾಲ್ಕು, ಟೈಮಿಲ್ಲ, ಬೇಗ ಬಾ. ಐದು, ಯಾರಿಗೂ ಹೇಳಬೇಡ. ಒಂದೊಂದು ಸುಳ್ಳಿಗೆ ಒಂದೊಂದು ಬೆರಳು ಮಡಚಬೇಕು. ಐದೂ ಮಡಚಿದ್ರೆ ಕತ್ತಿಗೆ ಹಾಕಿರೋ ವಿಸಿಲ್ ಊದಬೇಕು. ವಿಸಿಲ್‌ಗಳನ್ನ ಪ್ಯಾರೀಸ್ ಬಜಾರಿನಿಂದ ಹೋಲ್‌ಸೇಲಾಗಿ ತಂದು ನಾನೇ ಹಂಚಿದೆ.

ಸ್ಕೂಲ್ ಗೇಟಿನ ಹತ್ತಿರ ಇರೋರಿಗೂ ಕೊಟ್ಟೆ. ಅಲ್ಲಿ ಹೂವು ಮಾರೋ ಕಸ್ತೂರಿಯಮ್ಮನಿಗೆ ಓದು ಬರಲ್ಲ. ಬುಟ್ಟಿ ಪಕ್ಕ ಕೂತು ಬಾಯಲ್ಲೇ ಹೇಳಿದೆ. ಅವರು ಮಲ್ಲಿಗೆ ಕಟ್ಟೋ ಕೈ ನಿಲ್ಲಿಸಲಿಲ್ಲ, ನನ್ನ ಮುಖಾನೂ ನೋಡಲಿಲ್ಲ. ಇವರಿಗೆ ಒಂದಕ್ಷರಾನೂ ತಲೆಗೆ ಹೋಗಿಲ್ಲ ಅಂದ್ಕೊಂಡು ಎದ್ದು ಬಂದೆ. ಎಂಥ ಬುದ್ಧಿವಂತ ನಾನು!

ಎರಡು ತಿಂಗಳು ಏನೂ ಆಗಲಿಲ್ಲ. ನನ್ನ ವ್ಯವಸ್ಥೆಗೆ ಹೆದರಿ ಕಳ್ಳರೆಲ್ಲ ಊರು ಬಿಟ್ಟಿದ್ದಾರೆ ಅಂತ ಅಮ್ಮನ ಹತ್ತಿರ ಕೊಚ್ಚಿಕೊಂಡೆ. "ಮೊದಲು ನಿನ್ನ ಸ್ಕೂಟರ್ ಕೀ ಎಲ್ಲಿದೆ ಹುಡುಕು" ಅಂದ್ರು ಅಮ್ಮ.

ಆಮೇಲೆ ಆ ಬುಧವಾರ ಬಂತು. ಜ್ವರ ಅಂತ ರಜ ಹಾಕಿ ಮನೇಲಿ ಕ್ರಿಕೆಟ್ ನೋಡ್ತಿದ್ದೆ. ಎರಡೂವರೆಗೆ ಮೇಲಿನ ಮನೆ ಗೀತಕ್ಕನಿಗೆ ನೋವು ಶುರುವಾಯ್ತು. ತುಂಬು ಗರ್ಭಿಣಿ, ಮುಂದಿನ ವಾರಕ್ಕೆ ಆಪರೇಷನ್ ಅಂತ ದಿನ ಇಟ್ಟಿತ್ತು. ಡಾಕ್ಟರಿಗೆ ಫೋನ್ ಮಾಡಿದ್ರೆ ಈಗಲೇ ಬನ್ನಿ, ನಾಲ್ಕೂವರೆಗೆ ಥಿಯೇಟರ್ ಅಂದ್ರಂತೆ. ಯಜಮಾನ್ರು ರೈಲ್ವೇ ಗಾರ್ಡು, ಅವರ ಗಾಡಿ ಅಷ್ಟೊತ್ತಿಗೆ ಕಾಟ್ಪಾಡಿ ದಾಟಿತ್ತು. ನಮ್ಮಮ್ಮ ಜೊತೆಗೆ ಹೊರಟ್ರು.

ಆಟೋ ಹತ್ತೋ ಮುಂಚೆ ಗೀತಕ್ಕ ನನ್ನ ಕೈ ಹಿಡ್ಕೊಂಡ್ರು.

"ಸೀನು, ಮೇಘನಾನ ಸ್ಕೂಲಿಂದ ಸೀದಾ ಆಸ್ಪತ್ರೆಗೆ ಕರ್ಕೊಂಡು ಬಂದ್ಬಿಡು. ನಾನು ಒಳಗೆ ಹೋಗೋ ಮುಂಚೆ."

ಯಾಕೆ ಅಂತ ನನಗೆ ಗೊತ್ತಿತ್ತು. ಹಿಂದಿನ ವರ್ಷ ಗೀತಕ್ಕ ಹೀಗೇ ಮಧ್ಯಾಹ್ನ ಆಸ್ಪತ್ರೆಗೆ ಹೋಗಿ, ನಾಲ್ಕು ದಿನ ಬಿಟ್ಟು ಬರಿಗೈಯಲ್ಲಿ ವಾಪಸ್ ಬಂದಿದ್ರು. ಮೇಘನಾಗೆ ಯಾರೂ ಸರಿಯಾಗಿ ಏನೂ ಹೇಳಲಿಲ್ಲ. ಆ ಮಗು ಒಂದು ವಾರ ಅಮ್ಮನ ಸೆರಗು ಬಿಡದೆ ಓಡಾಡ್ತು. ಈ ಸಲ ನಿನಗೆ ಹೇಳದೆ ಹೋಗಲ್ಲ ಅಂತ ಗೀತಕ್ಕ ಅವಳಿಗೆ ಮಾತು ಕೊಟ್ಟಿದ್ರು.

ಅವರ ಮನೆಯ ಗುಟ್ಟಿನ ಪದಾನ ಕಿವೀಲಿ ಹೇಳಿ, "ನೆನಪಿಟ್ಕೋ" ಅಂದ್ರು.

"ಅಕ್ಕಾ, ಸಂಚಾಲಕ ನಾನು!" ಅಂದೆ.

ದಾರಿಯುದ್ದಕ್ಕೂ ಮಂತ್ರದ ಥರ ಜಪಿಸಿದೆ. ಸಿಗ್ನಲ್ ಹತ್ತಿರ ಟಿವಿ ಅಂಗಡಿ ಮುಂದೆ ಜನ ಕ್ರಿಕೆಟ್ ನೋಡ್ತಾ ನಿಂತಿದ್ರು. ಟೈಮಿತ್ತು. ಒಂದೇ ಒಂದು ಓವರ್ ಅಂತ ಸ್ಕೂಟರ್ ನಿಲ್ಲಿಸಿದೆ. ಆ ಓವರಿನಲ್ಲಿ ನಮ್ಮೋರ ಎರಡು ವಿಕೆಟ್ ಬಿತ್ತು. ನನ್ನ ತಲೆಯಿಂದ ಪದಾನೂ ಬಿತ್ತು.

ಗೇಟ್ ಹತ್ತಿರ ಮೇಘನಾ ನಿಂತಿದ್ಲು. ಎರಡನೇ ಕ್ಲಾಸು, ಏಳು ವರ್ಷ, ಎರಡು ಜಡೆ. ದಿನಾ ಸಾಯಂಕಾಲ ನಮ್ಮನೇಲಿ ದೋಸೆ ತಿನ್ನೋ ಹುಡುಗಿ. ನಾವು ಕನ್ನಡದಲ್ಲಿ ಕೇಳಿದ್ರೆ ತಮಿಳಲ್ಲಿ ಉತ್ತರ ಕೊಡ್ತಾಳೆ.

"ಬಾ ಪುಟ್ಟಿ, ಹೋಗೋಣ" ಅಂದೆ.

"ಪಾಸ್‌ವರ್ಡ್ ಸೊಲ್ಲುಂಗ ಮಾಮಾ" ಅಂದ್ಲು. ಪಾಸ್‌ವರ್ಡ್ ಹೇಳಿ ಅಂತ.

ಹೇಳೋಕೆ ಬಾಯಿ ತೆರೆದೆ. ಒಳಗಿಂದ ಗಾಳಿ ಮಾತ್ರ ಬಂತು.

ತಿನ್ನೋ ವಸ್ತು ಅಂತ ಮಸುಕು ಮಸುಕಾಗಿ ನೆನಪು. "ಚಕ್ಕುಲಿ?" ಅಂದೆ. ತಲೆ ಅಲ್ಲಾಡಿಸಿದ್ಲು. "ಕೋಡುಬಳೆ? ಹಯಗ್ರೀವ? ಹುಳಿಯನ್ನ?" ಕರೆಯೋಕೆ ಬಂದಿದ್ದ ತಾಯಂದಿರು ತಿರುಗಿ ನೋಡಿದ್ರು. ಪಾಪ, ಹುಡುಗ ಊಟ ಮಾಡಿಲ್ಲ ಅಂದ್ಕೊಂಡಿರಬೇಕು.

"ಮೇಘನಾ, ತಮಾಷೆ ಅಲ್ಲ. ನಿಮ್ಮಮ್ಮ ಆಸ್ಪತ್ರೆಯಲ್ಲಿದ್ದಾರೆ!"

ಅವಳು ಹೆಬ್ಬೆರಳು ಮಡಚಿದ್ಲು. "ಅಮ್ಮ ನನಗೆ ಹೇಳದೆ ಹೋಗಲ್ಲ" ಅಂದ್ಲು, ತಮಿಳಲ್ಲೇ.

"ಅಯ್ಯೋ, ನಾನು ಕಣೇ, ಸೀನು ಮಾಮ! ನಿಮ್ಮನೇವ್ರಿಗೆಲ್ಲ ಎಷ್ಟು ಚೆನ್ನಾಗಿ ಗೊತ್ತು ನಾನು!"

ಎರಡನೇ ಬೆರಳು.

ನನಗೆ ಬೆವರು ಬಂತು. ಬೆವರು ಬಂದಾಗ ನನ್ನ ಬುದ್ಧಿ ರಜ ಹಾಕತ್ತೆ. "ಚಾಕೊಲೇಟ್ ಕೊಡಿಸ್ತೀನಿ, ದೊಡ್ಡದು!"

ಮೂರು.

"ಟೈಮಿಲ್ಲ ಕಣಮ್ಮಾ, ಬೇಗ ಬಾ!"

ನಾಲ್ಕು. ಆಗ ಹೊಳೀಬೇಕಿತ್ತು. ಹೊಳೀಲಿಲ್ಲ. ನನಗೆ ಕಾಣ್ತಿದ್ದಿದ್ದು ನನ್ನ ಮಾನ ಮಾತ್ರ. ಬಗ್ಗಿ, ದನಿ ತಗ್ಗಿಸಿ ಹೇಳಿದೆ:

"ನಾನು ಪದ ಮರೆತೆ ಅಂತ ಯಾರಿಗೂ ಹೇಳಬೇಡ."

ಕಿರುಬೆರಳು ಮಡಚಿತು. ಪುಟ್ಟ ಮುಷ್ಟಿ ಪೂರ್ತಿಯಾಯ್ತು. ಅವಳು ವಿಸಿಲ್ ಬಾಯಿಗಿಟ್ಟಳು.

ಅಷ್ಟು ಚಿಕ್ಕ ಎದೇಲಿ ಅಷ್ಟು ಉಸಿರು ಎಲ್ಲಿತ್ತೋ! ಅದು ನಿಲ್ಲೋ ಮುಂಚೆ ಹೂವಿನ ಬುಟ್ಟಿ ಕಡೆಯಿಂದ ಎರಡನೇ ವಿಸಿಲ್. ಇಸ್ತ್ರಿ ಬಂಡಿಯಿಂದ ಮೂರನೇದು. ಆಟೋ ಸ್ಟ್ಯಾಂಡಿಂದ ಮೂರು ಒಟ್ಟಿಗೆ. ನಾನು ಹತ್ತು ಎಣಿಸೋದರೊಳಗೆ ಸುತ್ತ ಗೋಡೆ ಎದ್ದಿತ್ತು. ಸ್ಕೂಟರ್ ಕೀ ಒಬ್ಬನ ಕೈಲಿ, ನನ್ನ ಕಾಲರ್ ಇನ್ನೊಬ್ಬನ ಕೈಲಿ, ಮೇಘನಾ ಕಸ್ತೂರಿಯಮ್ಮನ ಸೀರೆ ಹಿಂದೆ. ಯಾರೂ ಕೂಗಾಡಲಿಲ್ಲ, ಯಾರೂ ಹೊಡೀಲಿಲ್ಲ. ಹೊಡೀಬೇಡಿ, ಹಿಡ್ಕೊಳ್ಳಿ ಅಂತ ನಾನೇ ಹೇಳಿದ್ದೆ. ಸತ್ಯ ಹೇಳ್ತೀನಿ, ಆ ಸ್ಥಿತೀಲೂ ನನ್ನ ಮೈ ಜುಮ್ಮೆಂದಿತು. ನಾನು ಕಾಗದದ ಮೇಲೆ ಗೀಚಿದ್ದು ನನ್ನ ಕಣ್ಣೆದುರಿಗೆ ಎದ್ದು ನಿಂತಿತ್ತು. ನನ್ನ ಕಾಲರ್ ಹಿಡ್ಕೊಂಡು ನಿಂತಿತ್ತು!

"ಕಸ್ತೂರಿಯಮ್ಮಾ, ನಾನು! ಸೀನು! ನಿಮಗೆ ವಿಸಿಲ್ ಕೊಟ್ಟೋನು!"

ಕಸ್ತೂರಿಯಮ್ಮ ಮಾತಾಡೋದು ಪಕ್ಕಾ ಮದರಾಸು ತಮಿಳು. ನಾನು ಕನ್ನಡದಲ್ಲಿ ಹೇಳ್ತಿದ್ದೀನಿ, ಖಾರ ಅರ್ಧಕ್ಕರ್ಧ ಕಮ್ಮಿ ಅಂತ ತಿಳ್ಕೊಳ್ಳಿ.

"ಗೊತ್ತು ತಂಬಿ. ನೀವು ಯಾರು ಅಂತ ಚೆನ್ನಾಗಿ ಗೊತ್ತು. ಗೊತ್ತಿರೋರ ಮೇಲೇ ಮೊದಲು ಕಣ್ಣಿಡಿ, ಮಕ್ಕಳಿಗೆ ಕಷ್ಟ ಬರೋದು ಬಹಳ ಸಲ ಅವರಿಂದಲೇ ಅಂತ ಅವತ್ತು ಮೂರು ಸಲ ಹೇಳಿದ್ರಿ. ಮಗು ಊದಿದೆ. ಈಗ ಸುಮ್ನೆ ನಿಂತ್ಕೊಳ್ಳಿ."

ಒಂದಕ್ಷರಾನೂ ತಲೆಗೆ ಹೋಗಿಲ್ಲ ಅಂದ್ಕೊಂಡಿದ್ದೆನಲ್ಲ, ಈ ಹೆಂಗಸಿನ ಬಗ್ಗೆ!

ಅಷ್ಟರಲ್ಲಿ ಸ್ಕೂಲಿನ ಗಡಿಯಾರ ನಾಲ್ಕು ತೋರಿಸ್ತಿತ್ತು. ನನ್ನ ತಮಾಷೆಯೆಲ್ಲ ಇಳಿದುಹೋಯ್ತು. ಗೀತಕ್ಕ ಬಾಗಿಲ ಕಡೆ ನೋಡ್ತಾ ಮಲಗಿರ್ತಾರೆ. ಈ ಮಗು ಬರದೆ ಅವರು ಒಳಗೆ ಹೋದ್ರೆ, ಈ ಸಲ ಕೊಟ್ಟ ಮಾತೂ ಮುರಿದ ಹಾಗೆ. ಅದೂ ಒಂದು ಓವರ್ ಕ್ರಿಕೆಟ್‌ಗೋಸ್ಕರ. ನಾನು ಅಳ್ತಾ ಕೈ ಮುಗಿದೆ. ನಡೆದಿದ್ದೆಲ್ಲ ಹೇಳಿದೆ, ಟಿವಿ ಅಂಗಡಿಯನ್ನೂ ಸೇರಿಸಿ. "ಆಸ್ಪತ್ರೆಗೆ ಫೋನ್ ಮಾಡಿ ಕೇಳೋಣ. ತಗೊಳ್ಳಿ, ನಂಬರ್ ಇಲ್ಲಿದೆ" ಅಂತ ನರ್ಸಿಂಗ್ ಹೋಮಿನ ಕಾರ್ಡ್ ಚಾಚಿದೆ.

ಕಸ್ತೂರಿಯಮ್ಮ ಕಾರ್ಡ್ ಮುಟ್ಟಲಿಲ್ಲ.

"ಈ ನಂಬರಿನಲ್ಲಿ ನಿಮ್ಮ ಕಡೆಯೋನು ಒಬ್ಬ ಕೂತಿದ್ರೆ?"

ನಾನು ಬೆಪ್ಪಾದೆ. ಇದು ನನ್ನ ಕರಪತ್ರದಲ್ಲಿ ಇರಲಿಲ್ಲ! ಎರಡು ತಿಂಗಳು ತಲೆ ಕೆರೆದುಕೊಂಡ್ರೂ ನನಗೆ ಹೊಳೆಯದ ತೂತು, ಆಕೆಗೆ ಎರಡು ಸೆಕೆಂಡಲ್ಲಿ ಕಾಣಿಸ್ತು. ಎದುರಿಗಿದ್ದ ಫೋನ್ ಬೂತಿಗೆ ಮೆರವಣಿಗೆ ಹೊರಟಿತು. ಮುಂದೆ ಮೇಘನಾ ಕೈ ಹಿಡಿದ ಕಸ್ತೂರಿಯಮ್ಮ, ಹಿಂದೆ ಕಾಲರ್ ಸಮೇತ ನಾನು. ಬೂತಿನೋನು ಡೈರೆಕ್ಟರಿ ತೆಗೆದು ನಂಬರ್ ಹುಡುಕಿ ಡಯಲ್ ಮಾಡಿದ.

ಆ ಕಡೆ ನರ್ಸ್ ಸಿಡುಕಿದ್ದು ನನಗೇ ಕೇಳಿಸ್ತು. ಪೇಷಂಟ್‌ನ ರೆಡಿ ಮಾಡ್ತಿದ್ದೀವಿ, ಫೋನಿಗೆಲ್ಲ ಬರೋಕಾಗಲ್ಲ.

"ನೋಡಮ್ಮಾ," ಅಂದ್ರು ಕಸ್ತೂರಿಯಮ್ಮ, "ನಾಲ್ಕು ಹೆತ್ತವಳು ನಾನು. ಎರಡು ನಿಮಿಷ ನಡೆಯೋಕಾಗತ್ತೆ, ನಡೆಸ್ಕೊಂಡು ಬಾ. ಅವಳ ಇನ್ನೊಂದು ಮಗು ಇಲ್ಲಿ ನಿಂತಿದೆ."

ಬೂತಿನ ಮೀಟರ್ ಓಡ್ತಾ ಇತ್ತು. ಕೊನೆಗೂ ಗೀತಕ್ಕ ಫೋನಿಗೆ ಬಂದ್ರು. ಆಮೇಲೆ ಮೇಘನಾ ರಿಸೀವರ್ ತಗೊಂಡ್ಲು, ನನಗೆ ಬೆನ್ನು ಮಾಡಿ, ಪದ ಕೇಳಿಸದೇ ಇರ್ಲಿ ಅಂತ ಕೈ ಅಡ್ಡ ಇಟ್ಕೊಂಡ್ಲು. ಇಷ್ಟು ಹೊತ್ತೂ ಅವಳ ಹೆಗಲು ಎಷ್ಟು ಬಿಗಿಯಾಗಿತ್ತು ಅಂತ, ಅದು ಇಳಿದಾಗ ನನಗೆ ಗೊತ್ತಾಯ್ತು. ಅವಳಿಗೆ ಭಯ ಇಲ್ಲ ಅಂದ್ಕೊಂಡಿದ್ದೆ. ಪೂರ್ತಿ ಭಯ ಇತ್ತು. ಅದನ್ನ ಇಟ್ಕೊಂಡೇ ನಿಂತಿದ್ಲು. ರಿಸೀವರ್ ಇಟ್ಟು, ಅಂಗೈಯಿಂದ ಕಣ್ಣು ಒರೆಸ್ಕೊಂಡು ತಿರುಗಿದ್ಲು.

"ಸೀಕ್ರಂ ವಾಂಗ ಮಾಮಾ!" ಬೇಗ ಬನ್ನಿ ಅಂತೆ! ನಾಲ್ಕನೇ ಸುಳ್ಳು, ಈಗ ಅವಳ ಬಾಯಲ್ಲಿ!

ಬಿಡುಗಡೆ ಆಯ್ತು ಅಂತ ಸ್ಕೂಟರ್ ಕಡೆ ಓಡಿದೆ. ಕಸ್ತೂರಿಯಮ್ಮ ತಡೆದ್ರು. "ಪದ ಸರಿ ಇದ್ರೆ ಮಗುವಿಗೆ ಸಾಕು. ನನಗೆ ಸಾಲದು. ನಾನೂ ಬರ್ತೀನಿ." ಸಾಯಂಕಾಲದ ವ್ಯಾಪಾರದ ಹೊತ್ತು, ಬುಟ್ಟಿ ತುಂಬ ಮಲ್ಲಿಗೆ. ಬುಟ್ಟೀನ ಇಸ್ತ್ರಿಯವನಿಗೆ ಒಪ್ಪಿಸಿ, ಸ್ಕೂಟರ್ ಅಲ್ಲೇ ಬಿಡಿಸಿ, ನಮ್ಮ ಜೊತೆ ಆಟೋ ಹತ್ತಿದ್ರು. ಮೇಘನಾಗೂ ನನಗೂ ಮಧ್ಯೆ ಕೂತ್ರು. ದಾರಿಯುದ್ದಕ್ಕೂ ಒಂದು ಕಣ್ಣು ನನ್ನ ಮೇಲೆ.

ನಾಲ್ಕು ಇಪ್ಪತ್ತೈದಕ್ಕೆ ಹೋಗಿ ಸೇರಿದ್ವಿ. ಗೀತಕ್ಕನ್ನ ಆಗಲೇ ಸ್ಟ್ರೆಚರ್ ಮೇಲೆ ಮಲಗಿಸಿದ್ರು, ನಮ್ಮಮ್ಮ ಅದರ ಚಕ್ರಕ್ಕೆ ಕಾಲು ಕೊಟ್ಟು ನಿಂತಿದ್ರು. ಮೇಘನಾ ಓಡಿಹೋಗಿ ಅಮ್ಮನ ಕೆನ್ನೆಗೆ ಕೆನ್ನೆ ಇಟ್ಟಳು. ಇಬ್ಬರೂ ಏನು ಮಾತಾಡಿದ್ರೋ, ಆಮೇಲೆ ಗೀತಕ್ಕ ನಗ್ತಾ ಒಳಗೆ ಹೋದ್ರು. ಐದೂಕಾಲಿಗೆ ಮೇಘನಾಗೆ ತಮ್ಮ ಹುಟ್ಟಿದ. ಕಸ್ತೂರಿಯಮ್ಮ ಮಗೂನ ನೋಡಿ, ದೃಷ್ಟಿ ತೆಗೆದು, ಬಸ್ ಹತ್ತಿ ಹೊರಟುಹೋದ್ರು. ಒಂದು ಲೋಟ ಕಾಫಿ ಕೂಡ ಕುಡೀಲಿಲ್ಲ. ಅವರು ಹೋದ ದಿಕ್ಕಿಗೆ ಬಾಯಿ ಬಿಟ್ಕೊಂಡು ನೋಡ್ತಾ ನಿಂತಿದ್ದೆ. "ಬಾಯಿ ಮುಚ್ಚೋ, ಆಸ್ಪತ್ರೆ ಇದು" ಅಂದ್ರು ಅಮ್ಮ.

ಮುಂದಿನ ಭಾನುವಾರದ ಸದರಿ ಸಭೆಯು ನನ್ನ ಸಂಚಾಲಕ ಪದವಿಯನ್ನು ಹಿಂದಕ್ಕೆ ಪಡೆದು ಕಸ್ತೂರಿಯಮ್ಮನವರಿಗೆ ನೀಡಿತು. ಈ ಸಲಾನೂ ನಾನು ಕಾಫಿ ತರೋಕೆ ಹೋಗಿದ್ದೆ. ಮರೆತ ಪದ ಯಾವುದು ಅಂತ ನನಗೆ ಇವತ್ತಿಗೂ ಯಾರೂ ಹೇಳಿಲ್ಲ. ತಿನ್ನೋ ವಸ್ತುವಂತೂ ಅಲ್ಲವಂತೆ!

ಗೀತಕ್ಕ ಮನೆಗೆ ಬಂದ ಮೇಲೆ ಕ್ಷಮೆ ಕೇಳೋಕೆ ಹೋದೆ. ತೊಟ್ಟಿಲ ಪಕ್ಕ ತಲೆ ತಗ್ಗಿಸಿ ನಿಂತೆ.

"ನೀನು ಮರೆತಿದ್ದೇ ಒಳ್ಳೇದಾಯ್ತು ಬಿಡೋ" ಅಂದ್ರು.

ನನಗೆ ಜೀವ ಬಂತು. "ಹೌದಾ ಅಕ್ಕಾ?"

"ಹೂಂ. ಇನ್ನು ಕೈಗೂಸನ್ನ ನೋಡ್ಕೊಳ್ತಾ ಇವಳ ಮೇಲೆ ಹೇಗಪ್ಪಾ ಕಣ್ಣಿಡೋದು ಅಂತ ತಿಂಗಳುಗಟ್ಟಲೆ ನಿದ್ದೆ ಇರಲಿಲ್ಲ. ಅವತ್ತು ಫೋನಲ್ಲಿ 'ಅಮ್ಮಾ, ಸೀನು ಮಾಮ ಅಳ್ತಾ ಇದ್ದಾನೆ, ಆದ್ರೂ ನಾನು ಹೋಗಿಲ್ಲ' ಅಂದ್ಲು ನೋಡು, ಆಗ ಧೈರ್ಯ ಬಂತು. ನಿನ್ನಷ್ಟು ಪೆದ್ದು ಮುಖ ನೋಡಿನೂ ಕರಗದೋಳು, ಇನ್ಯಾರ ಜೊತೆ ಹೋಗ್ತಾಳೆ?"