ಮಾವನ ಕಾರಿಗೆ ಹೊಸ ಮೂಗು

ಬೇರೆಯವರ ಕಾರು ಕೆಟ್ಟರೆ ಗ್ಯಾರೇಜಿಗೆ ಹೋಗುತ್ತೆ. ನಮ್ಮ ಮಾವನ ಕಾರು ಕೆಟ್ಟರೆ ಇಡೀ ಬೀದಿಯೇ ಅದರ ಹತ್ತಿರ ಬರುತ್ತೆ. ಬಂದಮೇಲೆ ಏನಾದರೊಂದು ಆಗದೆ ಒಬ್ಬರೂ ವಾಪಸ್ ಹೋಗಲ್ಲ.

ಮಾವ ಅಂದ್ರೆ ನಮ್ಮಮ್ಮನ ತಮ್ಮ. ಪೀಣ್ಯದಲ್ಲಿ ಒಂದು ಶೀಟಿನ ಶೆಡ್, ಒಳಗೆ ಎರಡು ಲೇತ್ ಮೆಷಿನ್ನು, ಹಿಂದೆ ಮನೆ. ಟೆಂತಲ್ಲಿ ಗಣಿತ, ವಿಜ್ಞಾನ ಎರಡೂ ನನ್ನ ಕೈಬಿಟ್ಟ ಮೇಲೆ ಅಮ್ಮ ನನ್ನನ್ನು ತಂದು ಇಲ್ಲಿ ಬಿಟ್ಟಳು. ಮಾವನ ಕಾರಿಗೆ ನನಗಿಂತ ವಯಸ್ಸು ಜಾಸ್ತಿ. ನನಗೆ ಹದಿನೆಂಟು ತುಂಬಿದ ದಿನ ಅದರ ಕೀ ನನ್ನ ಕೈಗೆ ಅಂತ ಮಾವ ಮಾತು ಕೊಟ್ಟಿದ್ದಾರೆ. ಅದಕ್ಕೆ ಅಡ್ಡ ನಿಂತಿದ್ದು ಒಬ್ಬರೇ, ಅತ್ತೆ.

ಕಾರಣ ಇತ್ತು. ಹೋದ ವರ್ಷ ಜಾಲಹಳ್ಳಿಯಲ್ಲಿ ಅತ್ತೆಯ ಅಕ್ಕನ ಮನೆ ಬೀದಿಯಲ್ಲೇ ಕಾರು ನಿಂತುಬಿಟ್ಟು, ಅಕ್ಕನ ಗಂಡ ಪಂಚೆ ಎತ್ತಿ ಕಟ್ಟಿಕೊಂಡು ತಳ್ಳಿದ್ದರು. ತಳ್ಳಿದ್ದು ಒಂದು ನಿಮಿಷ, ಅದನ್ನ ಹೇಳಿಕೊಂಡು ತಿರುಗಿದ್ದು ವರ್ಷವಿಡೀ. ಅದಕ್ಕೇ ಅತ್ತೆ ಖಡಾಖಂಡಿತ ಹೇಳಿದರು: "ಈ ಸಲ ಆಯುಧಪೂಜೆ ದಿನ ಇದರಲ್ಲೇ ಅಕ್ಕನ ಮನೆಗೆ ಹೋಗೋಣ. ದಾರೀಲಿ ಒಂದು ಸಲ ನಿಂತ್ರೂ ಅಲ್ಲಿಂದಲೇ ಗುಜರಿಯವನಿಗೆ ಫೋನ್ ಮಾಡ್ತೀನಿ."

ಕಾರಿಗೆ ಪಿಕಪ್ಪೇ ಇರಲಿಲ್ಲ. ಫ್ಲೈಓವರ್ ಏರು ಕಂಡರೆ ಸಾಕು, ಯೋಚನೆಗೆ ಬೀಳುತ್ತಿತ್ತು.

ಇಲಿ ಬಿಟ್ಟಿದ್ದು

"ಇದಕ್ಕೆ ಉಸಿರು ಕಟ್ಟಿದೆ ಮಾವ. ಇಂಜಿನ್‌ಗೆ ಗಾಳಿ ಸಾಲ್ತಿಲ್ಲ," ಅಂದೆ. ಹಿಂದಿನ ದಿನ ಫೋನಲ್ಲಿ ನೋಡಿದ್ದನ್ನ ದೊಡ್ಡ ಡಾಕ್ಟರ್ ಥರ ಹೇಳಿದ್ದು.

ಮಾವ ಬಾನೆಟ್ ಎತ್ತಿ ಏರ್ ಫಿಲ್ಟರ್ ಡಬ್ಬದ ಮುಚ್ಚಳ ಬಿಚ್ಚಿದರು. ಒಳಗೆ ಫಿಲ್ಟರ್ ಎಲ್ಲಿದೆ? ಇಲಿ ಸಂಸಾರ ಹೂಡಿತ್ತು. ಹಳೇ ಬಟ್ಟೆ ಚೂರು, ನನ್ನ ಅರ್ಧ ಕಾಲುಚೀಲ, ಅತ್ತೆಯ ಹೇರ್ ಬ್ಯಾಂಡು, ಮಧ್ಯದಲ್ಲಿ ಗೌರಿ ಹಬ್ಬಕ್ಕೆ ಅತ್ತೆ ಮಾಡಿದ ಚಕ್ಕುಲಿಗಳ ರಾಶಿ. ಈ ಚಕ್ಕುಲಿ ಕಳವಾದಾಗ ಬೆನ್ನಿಗೆ ಗುದ್ದು ತಿಂದವನು ನಾನು.

ಅತ್ತೆ ಬಂದು ನೋಡಿ ಮೆತ್ತಗಾದರು. "ಪಾಪ, ಸುಮ್ನೆ ನಿನ್ನ ಮೇಲೆ ಅನುಮಾನ ಪಟ್ಟೆ ಕಣೋ." ಆಮೇಲೆ ಒಂದನ್ನ ಕೈಗೆ ತಗೊಂಡು, "ನೋಡು, ಇಲಿ ಆದ್ರೂ ಎಷ್ಟು ಜೋಪಾನವಾಗಿ ಇಟ್ಕೊಂಡಿದೆ. ಒಂದನ್ನೂ ಮುರಿದಿಲ್ಲ."

"ಇಲಿ ಟ್ರೈ ಮಾಡಿದೆ ಅತ್ತೆ, ಆಗಿಲ್ಲ," ಅಂದೆ. "ಹಲ್ಲಿನ ಗುರುತು ನೋಡಿ."

ಎರಡನೇ ಗುದ್ದು ಸರಿಯಾದ ವಿಳಾಸಕ್ಕೇ ಬಂತು.

ಗೊರಕೆ

ಹಳೇ ಡಬ್ಬ ಕಿತ್ತೆಸೆದು ಕೋನ್ ಫಿಲ್ಟರ್ ಹಾಕೋದು ಅಂತಾಯ್ತು. ಐಸ್‌ಕ್ರೀಮ್ ಕೋನನ್ನು ಅಡ್ಡ ಮಲಗಿಸಿದ ಹಾಗೆ ಇರುತ್ತೆ, ಸುತ್ತಲೂ ಬಲೆ, ಎಲ್ಲಾ ಕಡೆಯಿಂದ ಗಾಳಿ ಎಳೆಯುತ್ತೆ. ಅದನ್ನ ಕೂರಿಸೋಕೆ ಬೇಕಾದ ಅಲ್ಯುಮಿನಿಯಂ ಕೊಳವೆಯನ್ನ ಮಾವ ಕೂದಲೆಳೆ ವ್ಯತ್ಯಾಸ ಇಲ್ಲದಂತೆ ತಾವೇ ಲೇತ್‌ನಲ್ಲಿ ಕಡೆದರು. ಗಿರಾಕಿ ಕೆಲಸ ಮೂಲೇಲಿ ಬಿದ್ದಿತ್ತು.

ಸ್ಟಾರ್ಟ್ ಮಾಡಿ ಆಕ್ಸಲರೇಟರ್ ಒತ್ತಿದ್ದೇ ತಡ, ಬಾನೆಟ್ ಒಳಗಿಂದ "ಘೊರ್ರ್" ಅಂತ ಒಂದು ಶಬ್ದ. ಮಾವನ ಕಣ್ಣಲ್ಲಿ ನೀರು. "ಕೇಳ್ತಾ ಮಗಾ? ಸೌಂಡ್ ಬಂತು ಅಂದ್ರೆ ಪವರ್ ಬಂತು!"

ಪವರ್ ಎಷ್ಟು ಬಂತೋ ಗೊತ್ತಿಲ್ಲ, ಮುಂದಿನ ಸಿಗ್ನಲ್‌ನಲ್ಲಿ ಟ್ರಾಫಿಕ್ ಪೊಲೀಸ್ ಅಂತೂ ಬಂದರು. ಸೀದಾ ಹಿಂದೆ ಹೋಗಿ ಬಗ್ಗಿ ಸೈಲೆನ್ಸರ್ ನೋಡಿದರು. ಅದು ಕಂಪನಿಯದೇ, ಸಾಧು ಪ್ರಾಣಿ.

"ಸೌಂಡ್ ಎಲ್ಲಿಂದ ಬರ್ತಿದೆ?"

"ಮುಂದಿನಿಂದ ಸಾರ್," ಅಂದೆ. "ಎಲ್ರ ಗಾಡೀನೂ ಬಿಡುವಾಗ ಸೌಂಡ್ ಮಾಡುತ್ತೆ, ನಮ್ದು ಎಳ್ಕೊಳ್ಳುವಾಗ ಮಾಡುತ್ತೆ."

ಅವರು ಬಾನೆಟ್ ಮೇಲೆ ಕಿವಿ ಇಟ್ಟು ಕೇಳಿದರು. ಮಾವ ಉಸಿರು ಹಿಡಿದಿದ್ದರು. ಕೊನೆಗೆ ಪೊಲೀಸ್ ನೆಟ್ಟಗಾಗಿ, "ಇದು ಗೊರಕೆ ಕಣ್ರೀ. ಇದಕ್ಕೆ ಎಷ್ಟು ಫೈನ್ ಅಂತ ನನಗೂ ಗೊತ್ತಿಲ್ಲ. ಮೊದ್ಲು ಎಬ್ಬಿಸಿ, ಆಮೇಲೆ ಓಡಿಸಿ," ಅಂದರು.

ರವೆ ಎಲ್ಲಿ

ಎರಡು ಕಿಲೋಮೀಟರ್ ಹೋಗುವಷ್ಟರಲ್ಲಿ ಪಿಕಪ್ ಮೊದಲಿಗಿಂತ ಕಡಿಮೆ. ಫಿಲ್ಟರ್ ಇಂಜಿನ್ ಪಕ್ಕದ ಕುದಿಯೋ ಗಾಳಿಯನ್ನೇ ಎಳೀತಿತ್ತು. ಅದನ್ನ ಒಂದು ಡಬ್ಬಿಯೊಳಗೆ ಮುಚ್ಚಿ, ಡಬ್ಬಿಯಿಂದ ಒಂದು ಪೈಪು ಹೊರಗೆ ಬಿಟ್ಟರೆ ತಣ್ಣನೆ ಗಾಳಿ ಸಿಗುತ್ತೆ ಅಂತ ನಾನೇ ಐಡಿಯಾ ಕೊಟ್ಟೆ. ಡಬ್ಬಿ ಎಲ್ಲಿದೆ ಅಂತಾನೂ ನನಗೆ ಗೊತ್ತಿತ್ತು. ಅತ್ತೆ ಮಧ್ಯಾಹ್ನ ಮಲಗಿದ್ದರು.

ಕೆಲಸ ಸಕ್ಕತ್ತಾಗಿ ಆಯ್ತು. ಪೈಪಿನ ಬಾಯಿ ಗ್ರಿಲ್‌ನಿಂದ ಹೊರಗೆ ಬಂದು ಬಾನೆಟ್ ಅಂಚಿಗೆ ಸರಿಯಾಗಿ ಮೇಲಕ್ಕೆ ಬಗ್ಗಿತ್ತು. ಕಾರಿಗೆ ನಿಜಕ್ಕೂ ಒಂದು ಮೂಗು ಬಂದ ಹಾಗೆ.

ಹೊಗೆ ಪರೀಕ್ಷೆ ಮಾಡಿಸೋಕೆ ಬಂಕಿಗೆ ಹೋದೆವು. ಅಲ್ಲಿನ ಹುಡುಗ ಕುತೂಹಲಕ್ಕೆ ಬಾನೆಟ್ ಎತ್ತಿಸಿದ. ಒಳಗೆ ಪಳಪಳ ಹೊಳೀತಿದ್ದ ಸ್ಟೀಲ್ ಡಬ್ಬಿ. ಅದರ ಮೇಲೆ ಕೊರೆಸಿದ ಅಕ್ಷರಗಳನ್ನ ಒಂದೊಂದಾಗಿ ಓದಿದ: "ಸೀಮಂತದ... ಶುಭ... ಹಾರೈಕೆಗಳೊಂದಿಗೆ..." ತಲೆ ಎತ್ತಿ, "ಅಣ್ಣ, ಇದು ಯಾವ ಕಂಪನಿ ಪಾರ್ಟು?"

ಮಾವ ಗಂಭೀರವಾಗಿ ಅಂದರು: "ನನ್ನ ಹೆಂಡತಿ ತವರುಮನೆ ಕಂಪನಿ."

ರಾತ್ರಿ ಉಪ್ಪಿಟ್ಟಿಗೆ ಅಂತ ಅತ್ತೆ ಅಡುಗೆಮನೆಯ ಎಲ್ಲಾ ಕಪಾಟು ತೆಗೆದರು. "ರವೆ ಡಬ್ಬಿ ಎಲ್ಲೋ?"

"ಡಬ್ಬಿ ಕೇಳಬೇಡಿ ಅತ್ತೆ," ಅಂದೆ. "ರವೆ ಬೇಕಾದ್ರೆ ಮಾವನ ಹೆಲ್ಮೆಟ್‌ನಲ್ಲಿದೆ."

ಓನರ್ ಟವಲ್

ಶೆಡ್ ಓನರ್ ಇಲ್ಲಿನ ಹಳೇ ಊರಿನವರು. ಹೆಗಲ ಮೇಲೆ ಬಿಳೀ ಟವಲ್, ಬಾಯಲ್ಲಿ ಒಂದೇ ಮಾತು: "ಈ ಪೀಣ್ಯ ಎಲ್ಲಾ ಒಂದ್ ಕಾಲ್ದಾಗೆ ನಮ್ದೇ ಕಣ್ಲಾ." ಕಾರು ನೋಡಿ ನಿಂತರು. "ಇದೇನ್ಲಾ, ಆನೆ ಸೊಂಡ್ಲು ಇದ್ದಂಗೈತೆ?"

"ತಾತ, ಇದು ಹೊಸ ಟೆಕ್ನಾಲಜಿ. ಹತ್ರ ನಿಂತು ಸುಳ್ಳು ಹೇಳಿದ್ರೆ ಹಿಡ್ಕೊಂಡ್‌ಬಿಡುತ್ತೆ."

"ಓಗ್ಲಾ!" ಅಂದರು, ಆದರೂ ಬಗ್ಗಿ ನೋಡಿದರು. ಮಾವ ಒಳಗೆ ಕೂತು ಏನೂ ಗೊತ್ತಿಲ್ಲದೆ ಇಂಜಿನ್ ಪರೀಕ್ಷೆ ಮಾಡ್ತಿದ್ದರು. "ಒಂದ್ಸಲ ಹೇಳಿ ನೋಡಿ ತಾತ," ಅಂತ ಕೆಣಕಿದೆ.

"ಈ ಪೀಣ್ಯ ಎಲ್ಲಾ ನಮ್ದೇ..." ಅನ್ನುವಷ್ಟರಲ್ಲಿ ನಾನು ಮಾವನಿಗೆ ಒತ್ತಿ ಅಂತ ಕೈ ತೋರಿಸಿದೆ, ಮಾವ ಆಕ್ಸಲರೇಟರ್ ಒತ್ತಿದರು, ಟವಲ್ಲಿನ ತುದಿ ಸರ್ರಂತ ಪೈಪಿನೊಳಗೆ!

"ಅಯ್ಯಯ್ಯೋ! ಅರ್ಧ ಕಣ್ಲಾ, ಅರ್ಧ ನಮ್ದು!"

ಪೈಪು ಬಿಡಲಿಲ್ಲ.

"ನಾಕೆಕ್ರೆ! ಬರೀ ನಾಕೆಕ್ರೆ!"

ಇನ್ನೂ ಎಳೀತು.

"ಆಯ್ತಪ್ಪಾ, ನಾಕು ಗುಂಟೆ! ಅದೂ ನಮ್ ಚಿಕ್ಕಪ್ಪಂದು!"

ಅಷ್ಟೊತ್ತಿಗೆ ಉಸಿರು ಕಟ್ಟಿ ಇಂಜಿನ್ ಆಫ್ ಆಯ್ತು, ಟವಲ್ ಸಡಿಲವಾಗಿ ಬಿತ್ತು. ಓನರ್ ಕಾರಿಗೆ ಕೈಮುಗಿದು ಹೋದರು.

ಪೂಜೆ ದಿನ

ಆಯುಧಪೂಜೆ ಅಂದ್ರೆ ಪೀಣ್ಯದಲ್ಲಿ ಮೆಷಿನ್ನಿಗೂ ಮದುವೆಮನೆ ಕಳೆ. ಲೇತಿಗೆ ಕುಂಕುಮ, ಕಾರಿಗೆ ಬಾಳೆಕಂದು, ಚೆಂಡುಹೂವಿನ ಹಾರ. ಅತ್ತೆ ಹೊಸ ಮೂಗಿಗೂ ಒಂದು ಬೊಟ್ಟಿಟ್ಟು, ಅದರ ಮುಂದೆ ಬಾನೆಟ್ ಅಂಚಿಗೆ ದೊಡ್ಡ ತಟ್ಟೆ ಇಟ್ಟರು. ತಟ್ಟೆ ತುಂಬ ಗೋಪುರದ ಹಾಗೆ ಕಡ್ಲೆಪುರಿ. ಪುರಿ ಹಂಚದೆ ನಮ್ಮ ಕಡೆ ಆಯುಧಪೂಜೆ ಮುಗಿಯೋದಿಲ್ಲ.

ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟಿದ್ದಾಯ್ತು. ಮಾವ ಸ್ಟಾರ್ಟ್ ಮಾಡಿ, ಭಕ್ತಿ ಜಾಸ್ತಿಯಾಗಿ, ಆಕ್ಸಲರೇಟರ್ ಬಲವಾಗಿ ಒತ್ತಿದರು. ಅತ್ತೆ ಕಣ್ಣುಮುಚ್ಚಿ ಮಂಗಳಾರತಿ ಮಾಡ್ತಿದ್ದರು. ಗೋಪುರ ಒಂದು ಕಡೆಯಿಂದ ಕರಗೋದು ನನಗೆ ಮಾತ್ರ ಕಾಣ್ತಿತ್ತು. ನಾನು ಬಾಯಿ ತೆರೆಯುವಷ್ಟರಲ್ಲಿ ತಟ್ಟೆ ಬಟಾಬಯಲು.

ಅತ್ತೆ ಕಣ್ಣು ಬಿಟ್ಟರು. "ಪುರಿ ಎಲ್ಲೋ?"

"ಕಾರು ತಿಂತು ಅತ್ತೆ."

ಅವತ್ತು ಹೇಳಿದ್ದು ನಿಜ. ಅದಕ್ಕೂ ಗುದ್ದು ಬಿತ್ತು.

ಖಾಲಿ ತಟ್ಟೆ ಮಡಿಲಲ್ಲಿಟ್ಟುಕೊಂಡು ಅತ್ತೆ ಮುಂದೆ ಕೂತರು, ನಾನು ಹಿಂದೆ. ಫ್ಲೈಓವರ್ ಏರಿನ ಅರ್ಧಕ್ಕೆ ಬಂದಾಗ ಕಾರು ಎರಡು ಸಲ ಬಿಕ್ಕಳಿಸಿ ನಿಂತೇಬಿಟ್ಟಿತು. ಹಿಂದೆ ಬಾಳೆಕಂದು ಕಟ್ಟಿಕೊಂಡ ಲಾರಿ, ಆಟೋ ಎಲ್ಲಾ ಹಾರ್ನ್ ಹೊಡೆಯೋಕೆ ಶುರು. ಮಾವ ಸ್ಟೇರಿಂಗ್ ಹಿಡಿದು ಕಲ್ಲಾಗಿ ಕೂತರು. ಅತ್ತೆ ಪರ್ಸಿನಿಂದ ಫೋನ್ ತೆಗೆದರು. ನನ್ನ ಕೀ ಹೋಯ್ತು ಅಂದುಕೊಂಡೆ.

ನಾನು ಕೆಳಗೆ ಹಾರಿ ಬಾನೆಟ್ ಎತ್ತಿ ಡಬ್ಬಿ ಮುಚ್ಚಳ ತೆಗೆದೆ. ಕಂಠಮಟ್ಟ ಪುರಿ! ಇಂಜಿನ್ ಕಾವಿಗೆ ಹದವಾಗಿ ಹುರಿದು ಘಮ್ ಅಂತಿತ್ತು. ಅತ್ತೆಯೂ ಇಳಿದು ಬಂದರು. ಅವರು ಗುಜರಿಯವನ ನಂಬರ್ ಹುಡುಕ್ತಿರೋವಾಗಲೇ ಫೋನ್ ಬಡ್ಕೊಳ್ತು. ಜಾಲಹಳ್ಳಿಯಿಂದ ಅತ್ತೆಯ ಭಾವ, ಹೋದ ವರ್ಷ ಕಾರು ತಳ್ಳಿದವರು.

"ಏನಮ್ಮಾ, ಇನ್ನೂ ಬಂದಿಲ್ಲ? ಎಲ್ಲಿ ನಿಂತಿದೆ ಹೇಳು, ತಳ್ಳೋಕೆ ನಮ್ಮ ಬೀದಿ ಹುಡುಗರನ್ನ ಕರ್ಕೊಂಡು ಬರ್ತೀನಿ."

ಅತ್ತೆಯ ಮುಖ ಕುಂಕುಮದ ಬಣ್ಣಕ್ಕೆ ತಿರುಗಿತು. "ನಮ್ಮ ಕಾರು ಯಾಕೆ ಭಾವ ನಿಲ್ಲುತ್ತೆ? ಓಡ್ತಾನೇ ಇದೆ! ಅದೇ ಸೌಂಡು ಕೇಳ್ತಿರೋದು!" ಅಂತ ಲಾರಿ ಹಾರ್ನಿನ ಕಡೆಗೆ ಫೋನ್ ಹಿಡಿದು, ಕಟ್ ಮಾಡಿ, ತಟ್ಟೆಯನ್ನ ನನ್ನ ಮುಂದೆ ಚಾಚಿದರು. "ನೋಡ್ತಾ ನಿಂತ್ಯಾ? ಸುರಿಯೋ ಇದಕ್ಕೆ! ಬೇಗ!"

ಸುರಿದೆ. ಫಿಲ್ಟರ್ ಒದರಿ ಮುಚ್ಚಳ ಹಾಕಿದೆ. ಕಾರು ಒಂದೇ ಸಲಕ್ಕೆ ಸ್ಟಾರ್ಟ್ ಆಗಿ, ಘೊರ್ರ್ ಅಂತ ಏರು ಹತ್ತಿ, ಜಾಲಹಳ್ಳಿಯಲ್ಲಿ ಅಕ್ಕನ ಮನೆ ಗೇಟಿನ ಮುಂದೆ ರಾಜಗಾಂಭೀರ್ಯದಿಂದ ನಿಂತಿತು. "ದಾರೀಲಿ ಒಂದು ಸಲಾನೂ ನಿಲ್ಲಲಿಲ್ಲ," ಅಂತ ಅತ್ತೆ ಅಕ್ಕಪಕ್ಕದ ಮನೆಯವರಿಗೂ ಕೇಳೋ ಹಾಗೆ ಸಾರಿದರು. ಅಷ್ಟು ಜನರ ಮುಂದೆ ಹೇಳಿದಮೇಲೆ ಗುಜರಿಗೆ ಫೋನ್ ಮಾಡೋದೆಲ್ಲಿ?

ಆದರೆ ತಟ್ಟೆ ನನ್ನ ಕೈಯಲ್ಲೇ ಇತ್ತು. ಭಾವ ಗೇಟಿನ ಹತ್ರಾನೇ ಒಂದು ಹಿಡಿ ಬಾಚಿ ಬಾಯಿಗೆ ಹಾಕಿಕೊಂಡರು. ಅತ್ತೆ ಕೈ ಎತ್ತಿದವರು ಹಾಗೇ ಇಳಿಸಿದರು. ಬೇಡ ಅಂದ್ರೆ ಯಾಕೆ ಅಂತ ಹೇಳಬೇಕು, ಯಾಕೆ ಅಂತ ಹೇಳಿದ್ರೆ ಎಲ್ಲಿ ನಿಂತಿತ್ತು ಅಂತಾನೂ ಹೇಳಬೇಕು.

ಭಾವ ನಿಧಾನವಾಗಿ ಅಗಿದರು. ಇನ್ನೊಂದು ಹಿಡಿ ತಗೊಂಡರು. "ಆಹಾ, ಏನು ಗರಿಗರಿ! ಒಂದು ಹೊಸಾ ಥರದ ಒಗ್ಗರಣೆ ವಾಸನೆ ಇದೆಯಲ್ಲಾ. ಯಾರು ಹುರಿದಿದ್ದು?"

ಅತ್ತೆ ಮಾವನ ಕಡೆ ಬೆರಳು ತೋರಿಸಿದರು. "ಇವರೇ ಭಾವ."

ಭಾವ ಮಾವನನ್ನ ಮೇಲಿಂದ ಕೆಳಗೆ ನೋಡಿದರು. "ನೀನಾ? ನೋಡಪ್ಪಾ, ನೀನು ಕೈ ಹಾಕಿದ್ದರಲ್ಲಿ ನೆಟ್ಟಗೆ ಆಗಿರೋದು ಇದೊಂದೇ. ನನ್ನ ಮಾತು ಕೇಳು, ಆ ಡಕೋಟ ಗಾಡಿ ಮಾರಿಬಿಟ್ಟು ಒಂದು ಪುರಿ ಅಂಗಡಿ ಇಡು."

ಮಾವ ಗಾಬರಿಯಿಂದ ಕಾರಿನ ಕಡೆ ತಿರುಗಿ ನೋಡಿ ಕೇಳಿದರು:

"ಅದನ್ನ ಮಾರಿದ್ರೆ ಪುರಿ ಎಲ್ಲಿ ಹುರೀಲಿ ಭಾವ?"